ನಡುಗಂಬದ ತಾವರೆ

ಬೀಜದೊಳಗೆ ಹೆಮ್ಮರವನ್ನೂ ಹೆಮ್ಮರದೊಳಗೆ ಮನೆಯನ್ನೂ ಮೊದಲೇ ಕಂಡ ವಿಶ್ವಕರ್ಮನಿಗೆ ನಮಸ್ಕಾರ. ಉಳಿಯ ಬಾಯಲ್ಲಿ ಕೂತು ಬಡಗಿಯ ಕೈ ಕಾಯುವ ತಾಯಿ ಕಾಳಿಕೆಗೆ ನಮಸ್ಕಾರ. ಅವರನ್ನು ನೆನೆದು ಈ ಕಥೆ.

ತೇಗದ ಕಾಡಿನ ಅಂಚಿಗೆ, ಹೊಳೆಯ ದಂಡೆಯಲ್ಲಿ, ಕಾಳಹಸ್ತಾಚಾರ್ಯರ ಆಶ್ರಮವಿತ್ತು. ಅಲ್ಲಿ ಜಪವೂ ನಡೆಯುತ್ತಿತ್ತು, ಮರಗೆಲಸವೂ ನಡೆಯುತ್ತಿತ್ತು. ಎರಡಕ್ಕೂ ಅವರೇ ಗುರು.

ಹಿಂದಿನ ಮಳೆಗಾಲದಲ್ಲಿ ಹೊಳೆ ಉಕ್ಕಿ ಫಕೀರವ್ವನ ಮನೆಯನ್ನು ಎಳೆದುಕೊಂಡು ಹೋಗಿತ್ತು. ಆ ತಾಯಿ ಆಶ್ರಮದ ಪಡಸಾಲೆಯಲ್ಲಿದ್ದಳು. ಈಗ ಹೆರಿಗೆಗೆಂದು ಬಂದ ಮಗಳೂ ಅಲ್ಲೇ.

ದಿಬ್ಬದ ಮೇಲೆ ಆಕೆಗೊಂದು ಮನೆ ಎಬ್ಬಿಸುವ ಕೆಲಸವನ್ನು ಗುರುಗಳು ಹಿರಿಯ ಶಿಷ್ಯ ಮೋನಪ್ಪನಿಗೆ ಒಪ್ಪಿಸಿದರು.

"ಮನೆ ಎದ್ದ ದಿನ ನನ್ನ ಅಳತೆಗೋಲು ನಿನ್ನದು" ಎಂದರು.

ಅಳತೆಗೋಲು ಕೈಗೆ ಬಂತೆಂದರೆ ಶಿಷ್ಯನೂ ಗುರುವಾದಂತೆ. ಮೋನಪ್ಪನಿಗೆ ಅನ್ನ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ಇಡೀ ಮನೆಯ ಭಾರ ಹೊರುವ ನಡುಗಂಬದ ನೆತ್ತಿಗೆ ಅವನೊಂದು ತಾವರೆ ಕೆತ್ತಿದ. ಎಸಳಿನ ಮೇಲೆ ಎಸಳು. ನೋಡಿದವರು ಮುಟ್ಟದೆ ಹೋಗಲಿಲ್ಲ. ಸುತ್ತಲಿನ ಹಳ್ಳಿಗಳಿಗೂ ಸುದ್ದಿ ಹಬ್ಬಿತು.

ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲೂ ಹಾಗೆಯೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ಆ ಸೀಮೆಯ ಬಡಗಿ ಉಳಿ ಹಿಡಿಯುವ ಮೊದಲೇ ಕಲಿಯುವ ಪಾಠ ಅದು. ಆದರೆ ಬುಡದ ಕಡೆ ಮರ ದಪ್ಪ, ಎಸಳು ಅರಳಿಸಲು ಬೇಕಾದಷ್ಟು ಜಾಗ. ಕಂಬ ತಲೆಕೆಳಗೆ ನಿಲ್ಲುತ್ತದೆಂದು ತಿಳಿದೂ ಮೋನಪ್ಪ ತಾವರೆಯನ್ನು ಬುಡದಲ್ಲೇ ಅರಳಿಸಿದ.

ತೊಗಟೆ ಸುಲಿದಾಗಿದೆ, ಮೈಯೆಲ್ಲ ನಯವಾಗಿದೆ. ಬುಡ ಯಾವುದು, ತುದಿ ಯಾವುದು ಎಂದು ಇನ್ನು ಯಾರಿಗೆ ತಿಳಿಯಬೇಕು?

ಕಂಬ ನಿಲ್ಲಿಸುವ ದಿನ ಬಂತು. ಊರಿಗೆ ಊರೇ ನೆರೆಯಿತು. ದಿಬ್ಬದ ಮೇಲೆ ಸುತ್ತಿನ ಗೋಡೆ ಆಗಲೇ ಎದ್ದಿತ್ತು, ನಡುವೆ ಕಂಬಕ್ಕೆ ಗುಂಡಿ ತೋಡಿಯಾಗಿತ್ತು. ಪಕ್ಕದಲ್ಲಿ ಬೆಂಕಿ ಹಾಕಿದ್ದರು. ಗೆದ್ದಲು ಹತ್ತಬಾರದೆಂದು, ಮಣ್ಣಿನಲ್ಲಿ ಹೂಳುವ ಕೊನೆಯನ್ನು ಕಪ್ಪಗೆ ಸುಟ್ಟು ಗೇರೆಣ್ಣೆ ಬಳಿಯುವುದು ಅಲ್ಲಿಯ ಪದ್ಧತಿ.

"ಮೊದಲು ಕಂಬಕ್ಕೆ ಸ್ನಾನ ಆಗಲಿ" ಎಂದರು ಗುರುಗಳು.

ಮೋನಪ್ಪ ಕೊಡ ಎತ್ತಿಕೊಂಡ.

"ಕೊಡ ಯಾಕಪ್ಪಾ? ಹೊಳೆ ಇಲ್ಲೇ ಇದೆಯಲ್ಲ."

ಮೋನಪ್ಪ ಕೊಡ ಬಿಟ್ಟು ಕಂಬದ ಕಡೆ ಧಾವಿಸಿದ. ಅಷ್ಟರಲ್ಲಿ ಹುಡುಗರು ಹಗ್ಗ ಕಟ್ಟಿ ಕಂಬವನ್ನು ನೀರಿಗೆ ಉರುಳಿಸಿಯೇಬಿಟ್ಟರು.

ಕಂಬ ತೇಲಿತು. ಒಂದು ಕೊನೆ ಹಗುರಾಗಿ ಮೇಲೆದ್ದಿತು. ಇನ್ನೊಂದು ಕೊನೆ, ತಾವರೆ ಇದ್ದ ಕೊನೆ, ಮೆಲ್ಲಗೆ ನೀರಿಗೆ ಇಳಿಯಿತು.

ಬುಡವೇ ಯಾವತ್ತೂ ಭಾರ. ದಂಡೆಯಲ್ಲಿದ್ದವರೆಲ್ಲ ದಿಮ್ಮಿ ತೇಲಿಸಿ ಬದುಕಿದವರು. ಯಾರೂ ಹೇಳಿಕೊಡಬೇಕಿರಲಿಲ್ಲ.

"ಏನಪಾ ಮೋನಣ್ಣ," ಎಂದ ಮುದುಕ ದ್ಯಾಮಣ್ಣ, "ಆಶ್ರಮದಾಗ ಮರಕ್ಕೂ ಶೀರ್ಷಾಸನ ಕಲಿಸ್ತೀರೇನು?"

ಜನ ಘೊಳ್ಳೆಂದು ನಕ್ಕರು. ಫಕೀರವ್ವನ ಮುಖ ನೋಡಿದ ಮೇಲೆ ನಗು ತಾನಾಗಿ ನಿಂತಿತು.

"ತಲೆಕೆಳಗಾದ ಕಂಬದ ಕೆಳಗೆ ಸಂಸಾರ ನಿಲ್ಲೂದಿಲ್ಲಂತ, ಯಪ್ಪಾ" ಎಂದಳು ಆಕೆ. "ಒಂದು ಮನಿ ಆಗಲೇ ಹೋಗೇತಿ."

ಮೋನಪ್ಪ ಗುರುಗಳ ಕಾಲ ಬಳಿ ಕುಸಿದ.

"ಗೊತ್ತಿದ್ದೂ ಮಾಡಿದೆ ಗುರುಗಳೇ. ಮುಂದಿನ ಮುಹೂರ್ತಕ್ಕೆ ಬೇರೆ ಕಂಬ ಸಿದ್ಧಮಾಡುತ್ತೇನೆ."

ಗುರುಗಳು ಪಡುವಣ ದಿಕ್ಕಿಗೆ ನೋಡಿದರು. ಮೋಡ ಆಗಲೇ ಕಾಡಿನ ನೆತ್ತಿಗೆ ಬಂದಿತ್ತು.

"ಹೋಗು, ಆ ಮೋಡವನ್ನೂ ಒಂದು ಮಾತು ಕೇಳಿ ಬಾ."

"ಹಾಗಾದರೆ ತಾವರೆ ಕತ್ತರಿಸಿ ತೆಗೆಯಲೇ?"

"ಕಂಬ ಗಿಡ್ಡವಾಗುತ್ತದೆ."

"ಮತ್ತೇನು ಮಾಡಲಿ?"

ಗುರುಗಳು ಫಕೀರವ್ವನ ಕಡೆ ತಿರುಗಿದರು.

"ತಾಯಿ, ಹೊಸ ಮನೆಯಲ್ಲಿ ತೊಟ್ಟಿಲು ಎಲ್ಲಿ ಕಟ್ಟುತ್ತೀಯ?"

"ನಡುಗಂಬದ ಮಗ್ಗಲಿಗೇ ರೀ, ಅಜ್ಜಾ. ಮತ್ತೆಲ್ಲಿ ಕಟ್ಟಲಿ?"

ಗುರುಗಳು ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದುಗೊಳವೆ ಹಿಡಿದರು. ಕೆಂಡ ಕೆಂಪಗೆ ಹೊತ್ತಿಕೊಂಡಿತು.

ಮೋನಪ್ಪ ಕೆಂಡವನ್ನು ನೋಡಿದ. ತಾವರೆಯನ್ನು ನೋಡಿದ. ಬಸುರಿ ಹೆಣ್ಣುಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

ಅವನು ಎದ್ದ. "ಹಿಡೀರಿ, ಬುಡವೇ ಕೆಳಗೆ ಹೋಗಲಿ" ಎಂದ.

ಒದ್ದೆ ಕಂಬವನ್ನು ಹೊತ್ತು ತಂದರು. ತನ್ನ ಕೈಯಾರೆ ಅವನು ತಾವರೆಯನ್ನು ಬೆಂಕಿಗೆ ಒಡ್ಡಿದ. ನೀರು ಚಟಪಟ ಸಿಡಿಯಿತು. ಎಸಳು ಒಂದೊಂದಾಗಿ ಕಪ್ಪಾದವು. ಅವನ ಕಣ್ಣಲ್ಲಿ ನೀರು ಬಂತು. ಹೊಗೆಯಿಂದಲೆಂದು ಎಲ್ಲರೂ ಅಂದುಕೊಂಡರು, ಅಂದುಕೊಳ್ಳಲಿ.

ಗೇರೆಣ್ಣೆ ಬಳಿದ. ಇನ್ನೊಂದು ತುದಿಯಲ್ಲಿ, ತೊಲೆ ಕೂರಲು ಬೇಕಾದ ಕಚ್ಚನ್ನು ಅಲ್ಲೇ ಕೂತು ಕಡಿದ. ಹೂವಿಲ್ಲ, ಬಳ್ಳಿಯಿಲ್ಲ, ಬರೀ ಕಚ್ಚು.

"ಎತ್ತಿರಿ!"

"ಐಸಾ!" ಎಂದ ದ್ಯಾಮಣ್ಣ. "ಹೈಸಾ!" ಎಂದಿತು ಊರು.

ತಾವರೆ ಗುಂಡಿಗೆ ಇಳಿಯಿತು. ಕಂಬ ನೆಟ್ಟಗೆ ನಿಂತಿತು. ಸುತ್ತ ಕಲ್ಲು ತುಂಬಿ, ಮಣ್ಣು ತುಂಬಿ, ಹೆಂಗಸರು ಹಾಡು ಹೇಳುತ್ತ ತುಳಿದರು. ತೊಲೆ ಮೇಲೇರಿ ಹೊಸ ಕಚ್ಚಿಗೆ ಕೂತಿತು. ಒಂದು ಕೂದಲೆಳೆ ಸಂದಿಲ್ಲ! ಮೋನಪ್ಪ ತೊಲೆಯ ಮೇಲೆ ಹತ್ತಿ, ಈ ಕೊನೆಯಿಂದ ಆ ಕೊನೆಗೆ ನಡೆದ. ಮನೆ ಮಿಸುಕಲಿಲ್ಲ.

ಹರಹರ ಎಂಬ ಕೂಗು ಹೊಳೆಯ ಆಚೆ ದಡಕ್ಕೂ ಮುಟ್ಟಿತು. ಫಕೀರವ್ವ ಕಂಬವನ್ನು ತಬ್ಬಿಕೊಂಡು ಅತ್ತಳು, ಅಳುತ್ತಲೇ ನಕ್ಕಳು.

ಮೋನಪ್ಪ ಕೆಳಗಿಳಿದು ಕೈಕಟ್ಟಿ ನಿಂತ. ಗುರುಗಳು ಅಳತೆಗೋಲನ್ನು ಅವನ ಹೆಗಲಿಗೆ ಒರಗಿಸಿದರು.

ಮಾಡಿಗೆ ಹುಲ್ಲು ಹೊದಿಸಿ ಮುಗಿದು, ಮಳೆಯ ಮೊದಲ ಹನಿ ಬೀಳುವ ಹೊತ್ತಿಗೆ, ಆಚೆ ಊರಿನಿಂದ ಒಬ್ಬ ಹೆಂಗಸು ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದಳು. ಒಳಗೆ ಬಂದು ಕತ್ತೆತ್ತಿ ಆ ಕಡೆ ಈ ಕಡೆ ಹುಡುಕಿದಳು.

"ಅಜ್ಜಾ, ಅಷ್ಟು ದೂರದಿಂದ ನೋಡಾಕ ಬಂದೀನಿ. ಮೋನಪ್ಪನ ತಾವರೆ ಎಲ್ಲೈತ್ರೀ?"

ಗುರುಗಳು ಕಂಬಕ್ಕೆ ಒರಗಿ ಕೂತರು.

"ಈ ಮನೆ ಯಾತರ ಮೇಲೆ ನಿಂತಿದೆ ಅಂದುಕೊಂಡೆ, ತಂಗಿ?"

ಕೇಳಿದ ನಿಮ್ಮೆಲ್ಲರ ಮನೆಯ ಕಂಬ ಗಟ್ಟಿಯಾಗಿರಲಿ, ತೊಟ್ಟಿಲು ತುಂಬಿರಲಿ, ತಾಯಿ ಕಾಳಿಕೆ ನಿಮ್ಮ ಹೊಸ್ತಿಲು ಕಾಯಲಿ.