ಹನ್ನೆರಡು ಮಡಚು ಚಾಕು, ಒಂದು ಮೊಣಕಾಲು

ಊರು ಯಾವುದಾದ್ರೂ ಆಗ್ಲಿ, ಊರಿಗೊಬ್ಬ ಇರ್ತಾನೆ ನೋಡಿ, ಹೇಳಿದ್ದಷ್ಟೇ ಮಾಡೋನು. ಈ ಊರಲ್ಲಿ ಅವನ ಹೆಸರು ಮೌನೇಶ. ಅವನ ತಾಯಿ ಅಕ್ಕಯ್ಯಮ್ಮ. ಅಪ್ಪ ಚಾಕು ಮಾಡೋ ಆಚಾರಿ, ಈಗಿಲ್ಲ. ಹೋಗೋವಾಗ ಹನ್ನೆರಡು ಮಡಚು ಚಾಕು ಮಾಡಿಟ್ಟು ಹೋಗಿದ್ದ. ಅವು ಮಾತ್ರ ಉಳಿದಿದ್ವು. ಅವು ಮತ್ತು ಮೌನೇಶ.

ಪ್ರತಿ ಮಾಗಿ ಚಳೀಲಿ ಕುರಿ ಹಟ್ಟಿ ಯಜಮಾನ ಮೈಲಾರಜ್ಜ ಆ ದಾರೀಲಿ ಬರ್ತಿದ್ದ. ಕುರಿಯ ಗೊರಸು ಕೆತ್ತೋಕೆ, ಮುಳ್ಳು ಕೀಳೋಕೆ ಅವರಿಗೆ ಮಡಚು ಚಾಕು ಬೇಕು. ಈ ಸಲ ಸೋಮವಾರ ಬರ್ತೀನಿ ಅಂತ ಹೇಳಿ ಕಳಿಸಿದ್ದ. ತಗೊಂಡ್ರೆ ಕುಲುಮೆ ಉಳಿಯುತ್ತೆ. ತಗೊಳ್ದಿದ್ರೆ ಗಂಡ ಕಬ್ಬಿಣ ಬಡೀತಿದ್ದ ಅಡಿಗಲ್ಲೂ, ಗಾಳಿ ಊದೋ ತಿದಿಯೂ ಗುಜರಿಗೆ.

ಅಕ್ಕಯ್ಯಮ್ಮ ತಾನೇ ಎಣ್ಣೆ ಹಾಕಿ ಇಡೋಳು. ಆದ್ರೆ ಆಗಷ್ಟೇ ಕಣ್ಣಿನ ಪೊರೆ ತೆಗೆಸ್ಕೊಂಡು, ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣು ಮೊದಲೇ ಮಂಜು. ಬಗ್ಗಬೇಡಿ ಅಂದಿದ್ರು ಡಾಕ್ಟ್ರು. ಹಂಗಾಗಿ ಮಂಚದ ಮೇಲೆ ಕೂತು ಬಾಯಲ್ಲೇ ಕೆಲಸ ಮಾಡಿಸ್ಬೇಕು.

"ಮೌನಾ, ಚಾಕುಗೆ ಎಣ್ಣೆ ಹಾಕೋ. ತುಕ್ಕು ಹಿಡೀಬಾರ್ದು."

"ಯಾವ ಎಣ್ಣೆ ಅಮ್ಮ?"

"ತಲೆಗೆ ಹಚ್ಕೊಳ್ಳೋದು ಇದ್ಯಲ್ಲ, ಅದನ್ನೇ ಹಾಕು."

ಹಾಕಿದ. ಬಾಟ್ಲಿ ಖಾಲಿ ಆಗೋ ತನಕ ಹಾಕಿದ. ಒಂದೊಂದು ಚಾಕುವಿನ ನೆತ್ತಿಗೂ ತಪತಪ ಅಂತ ತಟ್ಟಿದ. ಬೆಳಗ್ಗೆ ನೋಡಿದ್ರೆ ಚಳಿಗೆ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿದೆ. ಹನ್ನೆರಡರಲ್ಲಿ ಒಂದೂ ಬಾಯಿ ಬಿಡಲ್ಲ.

"ಅಯ್ಯೋ ಪೆದ್ದೇ! ಮಾಗೀಲಿ ಯಾರಾದ್ರೂ ಕೊಬ್ಬರಿ ಎಣ್ಣೆ ಹಾಕ್ತಾರೇನೋ?"

ಹಾಕು ಅಂದಿದ್ದು ತಾನೇ ಅನ್ನೋದು ಅಕ್ಕಯ್ಯಮ್ಮನಿಗೆ ನೆನಪಿರಲಿಲ್ಲ. ನೆನಪಿದ್ರೂ ಹೇಳೋಳಲ್ಲ.

"ಗಟ್ಟಿಯಾಗಿದ್ರೆ ಬಿಸಿಲಲ್ಲಿ ಇಡ್ಬೇಕು ಕಣೋ!"

"ಹೂಂ ಕಣಮ್ಮ, ಇನ್ಮೇಲೆ ಹಂಗೇ ಮಾಡ್ತೀನಿ."

ಚಾಕು ಬಿಸಿಲಿಗೆ ಹೋದ್ವು, ಎಣ್ಣೆ ಕರಗ್ತು, ಒರೆಸಿಟ್ಟಿದ್ದಾಯ್ತು. ಅಷ್ಟರಲ್ಲಿ ಪಕ್ಕದ ಮನೆ ಸಾವಂತ್ರಮ್ಮ ಒಂದು ಉಂಡೆ ಬೆಣ್ಣೆ ಕೊಟ್ಟು ಹೋದ್ಲು. ಮಧ್ಯಾಹ್ನ ಅಕ್ಕಯ್ಯಮ್ಮ ಕೇಳಿದ್ಲು, "ಮೌನಾ, ಬೆಣ್ಣೆ ಎಲ್ಲೋ?"

"ಗಟ್ಟಿಯಾಗಿತ್ತಮ್ಮ. ಬಿಸಿಲಲ್ಲಿ ಇಟ್ಟೆ."

"ಇಟ್ಟು?"

"ಈಗ ನಾಯಿ ನೆಕ್ತಾ ಇದೆ."

"ಅಯ್ಯೋ ನನ್ನ ಕರ್ಮವೇ! ಬೆಣ್ಣೆ ಬಿಸಿಲಿಗಿಡ್ತಾರೇನೋ? ಪದಾರ್ಥ ಜೋಪಾನ ಮಾಡೋದು ಅಂದ್ರೆ ತಣ್ಣೀರಲ್ಲಿ ಮುಳುಗಿಸಿ ಇಡೋದು!"

"ಹೂಂ ಕಣಮ್ಮ, ಇನ್ಮೇಲೆ ಹಂಗೇ ಮಾಡ್ತೀನಿ."

ಸಂಜೆ ಅಕ್ಕಯ್ಯಮ್ಮ ಅಂದ್ಲು, "ನಾಳೆ ಒಳ್ಳೆ ಎಣ್ಣೆ ತರಿಸೋಣ. ಅಲ್ಲೀ ತನಕ ಚಾಕು ಜೋಪಾನವಾಗಿ ಇಡಪ್ಪ."

ಮಂಚದ ಮೇಲೆ ಕೂತೋಳಿಗೆ ಹಿತ್ತಿಲಿಂದ ಬುಳುಕ್ ಅಂತ ಕೇಳಿಸ್ತು. ಆಮೇಲೆ ಇನ್ನೊಂದು ಬುಳುಕ್. ಏನೋ ಪಾತ್ರೆ ತೊಳೀತಿದಾನೆ, ಪಾಪ ಅಂದ್ಕೊಂಡ್ಲು. ಆದ್ರೂ ಎಣಿಸಿದ್ಲು. ಹತ್ತು, ಹನ್ನೊಂದು, ಹನ್ನೆರಡು.

ಹನ್ನೆರಡು!

"ಮೌನಾಆಆ! ಚಾಕು ಎಲ್ಲೋ?"

"ಕೊಳಗದಲ್ಲಿ ಮುಳುಗಿಸಿದೀನಿ ಅಮ್ಮ. ಜೋಪಾನವಾಗಿದಾವೆ."

"ಎತ್ತೋ! ಎತ್ತೋ ಮುಂಡೇದೆ! ಕಬ್ಬಿಣಕ್ಕೆ ನೀರು ಶತ್ರು ಕಣೋ! ಬೂದಿ ಹಾಕಿ ತಿಕ್ಕು, ಚೆನ್ನಾಗಿ ಬೂದಿ ಹಾಕು, ಒಣಬಟ್ಟೇಲಿ ಒರೆಸು!"

ಎತ್ತಿದ, ತಿಕ್ಕಿದ, ಒರೆಸಿದ. ಪುಣ್ಯಕ್ಕೆ ತುಕ್ಕು ಹತ್ತಿರಲಿಲ್ಲ. ಅಕ್ಕಯ್ಯಮ್ಮ ಬೆರಳಲ್ಲಿ ಸವರಿ ನೋಡಿ ಉಸಿರು ಬಿಟ್ಲು.

ಮಾರನೇ ದಿನ ಹರಳೆಣ್ಣೆ ತರಿಸಿದ್ಲು. ಅದು ಚಳಿಗೆ ಗಟ್ಟಿಯಾಗಲ್ಲ ಅಲ್ವಾ? ಮೌನೇಶ ಹರಳೆಣ್ಣೆ ಹಾಕಿದ. ಹಾಕಿ, ಮೇಲೆ ಚೆನ್ನಾಗಿ ಬೂದಿ ಹಾಕಿದ. ಒಂದು ಚಾಕು ತಂದು ಅಮ್ಮನ ಕೈಗೆ ಕೊಟ್ಟ. ಬಿಚ್ಚಿದ್ಲು. ಕರ್ರ್ ಕರ್ರ್ ಅಂತು, ರಾಗಿ ಕಲ್ಲು ಬೀಸಿದ ಹಾಗೆ.

"ಇದೇನೋ ಇದು?"

"ಹರಳೆಣ್ಣೆ, ಬೂದಿ. ನೀನೇ ಅಂದ್ಯಲ್ಲ."

ಅಕ್ಕಯ್ಯಮ್ಮ ಹಣೆ ಚಚ್ಕೋಬೇಕು ಅಂತ ಕೈ ಎತ್ತಿದ್ಲು. ಕಣ್ಣಿನ ಪಟ್ಟಿ ನೆನಪಾಗಿ ಮಂಚ ಚಚ್ಚಿದ್ಲು. ನಾಳೆ ಸೋಮವಾರ! ಚಾಕು ಬಿಚ್ಚಿ ನೋಡಿದ್ರೆ ಅಜ್ಜ ಏನಂತಾನೆ?

ಆಗ ಅವಳಿಗೆ ಗಂಡ ಮಾಡ್ತಿದ್ದದ್ದು ನೆನಪಾಯ್ತು. ಅವನು ಯಾವಾಗ್ಲೂ ಟೈಲರ್ ಇಮಾಮ್ ಸಾಬ್ರ ಹತ್ರ ಎಣ್ಣೆ ತರ್ತಿದ್ದ. ಹೊಲಿಗೆ ಮೆಷಿನ್ನಿನ ಎಣ್ಣೆ. ನೀರಿನ ಹಾಗೆ ತೆಳ್ಳಗೆ. ವಾಸನೆ ಇಲ್ಲ, ಅಂಟಲ್ಲ, ಚಳಿಗೆ ಹೆದರಲ್ಲ.

ಮೌನೇಶ ಹೋಗಿ ತಂದ. ಉದ್ದ ಕೊಕ್ಕಿನ ಪುಟ್ಟ ಡಬ್ಬಿ. ಸಾಬ್ರು ಹೇಳಿ ಕಳಿಸಿದ್ರು, "ನನ್ನ ಮೆಷಿನ್ನು ಹುಟ್ಟಿದಾಗಿಂದ ಇದನ್ನೇ ಕುಡೀತಿದೆ, ಇನ್ನೂ ಒಂದು ದಿನ ಕೆಮ್ಮಿಲ್ಲ ಅನ್ನು."

"ಕೇಳೋ ಮೌನಾ, ಬೂದಿ ಎಲ್ಲಾ ಒರೆಸು. ಮಡಚೋ ಸಂದಿಗೆ ಒಂದು ಹನಿ. ಒಂದೇ ಒಂದು ಹನಿ! ಆಮೇಲೆ ಮೂರು ಸಲ ಮಡಚು, ಮೂರು ಸಲ ಬಿಚ್ಚು, ಒರೆಸು."

ಸ್ವಲ್ಪ ಹೊತ್ತಿಗೇ ಬಂದ. "ಆಯ್ತಮ್ಮ."

"ಇಷ್ಟು ಬೇಗ? ಹನ್ನೆರಡಕ್ಕೂ ಹಾಕಿದ್ಯಾ?"

"ಇಲ್ಲ, ಒಂದಕ್ಕೆ. ನೀನೇ ಒಂದೇ ಒಂದು ಹನಿ ಅಂದ್ಯಲ್ಲ."

"ಅಪ್ಪಾ ದೇವರೇ! ಮಡಚೋದು ಯಾವುದೇ ಇರ್ಲಿ, ಎಲ್ಲದಕ್ಕೂ ಒಂದೊಂದು ಹನಿ! ಮೂರು ಸಲ ಮಡಚು, ಮೂರು ಸಲ ಬಿಚ್ಚು, ಒರೆಸು!"

"ಹೂಂ ಕಣಮ್ಮ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾಡಿದ. ಹನ್ನೆರಡು ಚಾಕುಗೂ ಮಾಡಿದ. ಕೊಡೆಗೂ ಮಾಡಿದ. ಅಮ್ಮನ ಕನ್ನಡಕದ ಕಾಲಿಗೂ ಮಾಡಿದ.

ಸೋಮವಾರ ಮೈಲಾರಜ್ಜ ಬಂದ. ಕಂಬಳಿ ಸರಿಸಿ ಜಗಲಿ ಮೇಲೆ ಕಷ್ಟಪಟ್ಟು ಕೂತು, ಒಂದು ಕಾಲು ನೆಟ್ಟಗೆ ಮುಂದಕ್ಕೆ ಚಾಚಿದ. ಅಕ್ಕಯ್ಯಮ್ಮ ಬಾಗಿಲ ಹತ್ರ ಕೂತ್ಲು. ಅಜ್ಜ ಮೊದಲ್ನೇ ಚಾಕು ಬಿಚ್ಚಿದ.

ಟಕ್!

ಮಡಚಿದ. ಟಕ್! ಮೂಸಿ ನೋಡಿದ. "ವಾಸ್ನೇನೇ ಇಲ್ಲ ತಾಯಿ. ಗೊರಸಿಗೂ ಆಯ್ತು, ಈರುಳ್ಳಿಗೂ ಆಯ್ತು. ಆಚಾರಿ ಇದ್ದಾಗ ಇದ್ದಂಗೇ ಇದೆ."

ಅಕ್ಕಯ್ಯಮ್ಮನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು. ಅಜ್ಜ ನಿಟ್ಟುಸಿರು ಬಿಟ್ಟು ಅಂದ, "ಚಾಕು ಮಡಚುತ್ತೆ ತಾಯಿ, ನನ್ನ ಮೊಣಕಾಲೇ ಮಡಚಲ್ಲ."

ಟಿಕ್ ಅಂತು ಎಣ್ಣೆ ಡಬ್ಬಿ.

"ಏಯ್! ಏನ್ಲಾ ಮಾಡ್ತಿದೀಯ? ಬಿಡ್ಲಾ! ಅಯ್ಯಯ್ಯಪ್ಪೋ!"

"ಒಂದು," ಅಂದ ಮೌನೇಶ. "ಎರಡು. ತಡ್ಕೋ ಅಜ್ಜ, ಇನ್ನೊಂದೇ. ಮೂರು."

ಮೊಣಕಾಲೊಳಗೆ ಎಲ್ಲೋ ಟಕ್ ಅಂತು. ಆಮೇಲೆ ಮೌನೇಶ ಒಣಬಟ್ಟೇಲಿ ಮೊಣಕಾಲು ಒರೆಸೋ ಸದ್ದು.

ಅಕ್ಕಯ್ಯಮ್ಮನ ಕಣ್ಮುಂದೆ ಅಡಿಗಲ್ಲು ಗುಜರಿ ಗಾಡಿ ಹತ್ತಿ ಹೊರಟೇ ಹೋಯ್ತು. "ತಪ್ಪಾಯ್ತು ಯಜಮಾನ್ರೇ! ಅವನು ಪೆದ್ದ, ಹೊಟ್ಟೆಗೆ ಹಾಕ್ಕೊಳ್ಳಿ!"

ಅಜ್ಜ ಕಾಲು ಮಡಚಿದ. ಚಾಚಿದ. ಮತ್ತೆ ಮಡಚಿದ. ಬಹಳ ಹೊತ್ತು ಅದನ್ನೇ ನೋಡಿ, ಇನ್ನೊಂದು ಕಾಲು ಮುಂದಕ್ಕಿಟ್ಟ.

"ಇದಕ್ಕೂ ಒಂದು ಹನಿ ಹಾಕ್ಲಾ."

ಹನ್ನೆರಡೂ ಚಾಕು ತಗೊಂಡ. ಹಟ್ಟಿಯವರ ಹಳೇ ಚಾಕು ಎಲ್ಲಾನೂ ಮುಂದಿನ ವರ್ಷದಿಂದ ಇಲ್ಲೇ ಎಣ್ಣೆಗೆ ಬರ್ತವೆ ಅಂದ. ಅಕ್ಕಯ್ಯಮ್ಮನಿಗೆ ಅಳೂನೂ ಬಂತು, ನಗೂನೂ ಬಂತು. ಕಣ್ಣಿಗೆ ಪಟ್ಟಿ ಇರೋದ್ರಿಂದ ಅಳೋ ಹಂಗಿರ್ಲಿಲ್ಲ, ನಕ್ಲು. ಮಗನನ್ನ ಪಕ್ಕಕ್ಕೆ ಎಳೆದು ಪಿಸುಗುಟ್ಟಿದ್ಲು, "ಮನುಷ್ಯರಿಗೆ ಎಣ್ಣೆ ಹಾಕ್ಬಾರ್ದು ಕಣೋ! ಹೊರಡೋರಿಗೆ ಮರ್ಯಾದೆಯಾಗಿ 'ಹೋಗಿ ಬನ್ನಿ' ಅನ್ಬೇಕು. ಅಷ್ಟೇ."

"ಹೂಂ ಕಣಮ್ಮ."

ಮೌನೇಶ ಚಾಕುಗಳನ್ನ ಒಂದೊಂದಾಗಿ ಅಜ್ಜನ ಚೀಲಕ್ಕೆ ಹಾಕ್ತಾ, ಒಂದೊಂದಕ್ಕೂ ಕೈ ಮುಗಿದ. "ಹೋಗಿ ಬನ್ನಿ. ಹೋಗಿ ಬನ್ನಿ. ಹೋಗಿ ಬನ್ನಿ."

ಅಕ್ಕಯ್ಯಮ್ಮ ಹೌಹಾರಿದ್ಲು. ಮಾರಿದ ಮಾಲು ವಾಪಸ್ಸು ಬರೋದಾ! ಕಣ್ಣಿನ ಪಟ್ಟಿ ಮರೆತು, ಡಾಕ್ಟರ್ ಮಾತು ಮರೆತು, ಚೀಲದ ಕಡೆ ಓಡಿ ಕೂಗಿದ್ಲು, "ಹೋಗಿ! ಮತ್ತೆ ಬರ್ಬೇಡಿ! ಈ ಕಡೆ ತಲೆ ಹಾಕ್ಬೇಡಿ!"

ಚೀಲ ಹೆಗಲಿಗೆ ಏರಿಸ್ತಿದ್ದ ಮೈಲಾರಜ್ಜ ನಿಂತ.

"ನನಗಾ ತಾಯಿ?"

"ಅಯ್ಯೋ ಶಿವನೇ! ನಿಮಗಲ್ಲ ಯಜಮಾನ್ರೇ, ಚಾಕುಗೆ!"

ಅಜ್ಜ ಮಗನನ್ನ ನೋಡಿದ, ತಾಯೀನ ನೋಡಿದ. ಎರಡು ಮೊಣಕಾಲೂ ಆರಾಮಾಗಿ ಮಡಚಿ ಮೆಟ್ಟಿಲು ಇಳೀತಾ ಅಂದ:

"ಹಂಗಾದ್ರೆ ಹುಡುಗಂಗೆ ಈ ಬುದ್ಧಿ ಅಪ್ಪನ ಕಡೆಯಿಂದ ಬಂದಿದ್ದಲ್ಲ ಬಿಡು."