ಎಂಬತ್ತು ಅಳತೆಯ ಡಬ್ಬಿ

"ಗುರುಗಳೇ, ಸಾಕ್ಷಿ ಕೈಯಲ್ಲೇ ಇರುವಾಗಲೂ ಸಿಟ್ಟು ಮಾಡುವುದು ತಪ್ಪೆ?"

ಕೇಳಿದವನು ಆಶ್ರಮದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಅವನ ಕೈಗೆ ಇನ್ನೂ ರಾಗಿಹಿಟ್ಟು ಮೆತ್ತಿಕೊಂಡಿತ್ತು. ನಿನ್ನೆ ಗಿರಣಿಯಿಂದ ಬಂದ ಹಿಟ್ಟನ್ನು ಅವನೇ ಅಳೆದು ಹದಿನಾಲ್ಕು ಸೇರು ಎಂದು ಗುರುತು ಹಾಕಿಕೊಂಡಿದ್ದ. ಇವತ್ತು ಯಾಕೋ ಅನುಮಾನ ಬಂದು ಮತ್ತೆ ಅಳೆದರೆ ಹನ್ನೆರಡೇ ಸೇರು. ಉಗ್ರಾಣಕ್ಕೆ ಅವನನ್ನು ಬಿಟ್ಟರೆ ಕಾಲಿಡುವವನು ಅಡುಗೆಯ ಬೋರಯ್ಯ ಒಬ್ಬನೇ. ಹೊತ್ತು ಮುಳುಗುವುದರೊಳಗೆ ಗಂಟು ಕಟ್ಟಿಕೊಂಡು ಹೊರಡು ಎಂದು ಬೋರಯ್ಯನಿಗೆ ಹೇಳಿಯೇ ಶಿಷ್ಯ ಇಲ್ಲಿಗೆ ಬಂದಿದ್ದ.

"ಕೂತುಕೋ" ಎಂದರು ಗುರುಗಳು. "ಬೋರಯ್ಯನಿಗೆ ವಯಸ್ಸಾಗಿದೆ. ಗಂಟು ಕಟ್ಟುವುದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಒಂದು ಕತೆ ಮುಗಿಯುತ್ತದೆ."

ಒಂದು ಊರಿನಲ್ಲಿ ಒಬ್ಬ ತಗಡಿನ ಕೆಲಸದವನಿದ್ದ. ಲಾಟೀನು, ಆಲಿಕೆ, ಎಣ್ಣೆಯ ಡಬ್ಬ ಮಾಡುತ್ತಿದ್ದ. ಅವನ ಬೆಸುಗೆಯಿಂದ ಒಂದು ಹನಿ ಸೋರಿದ್ದನ್ನು ಕಂಡವರಿಲ್ಲ. ಇದು ಅವನಿಗೂ ಗೊತ್ತಿತ್ತು, ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು. ಅವನ ಕೆಲಸದಲ್ಲಿ ಯಾರಾದರೂ ತಪ್ಪು ಹುಡುಕಿದರೆ ಸಾಕು, ಮೂಗಿನ ತುದಿಯಲ್ಲಿದ್ದ ಸಿಟ್ಟು ಬಾಯಿಗೆ ಬಂದುಬಿಡುತ್ತಿತ್ತು.

ಒಂದು ದಿನ ಆ ಊರಿನ ಹೋಟೆಲಿನ ಯಜಮಾನ ಅವನ ಅಂಗಡಿಗೆ ಬಂದ.

"ಕಾಫಿಪುಡಿಗೆ ಒಂದು ಡಬ್ಬಿ ಮಾಡಿಕೊಡಯ್ಯ. ಕೈ ಹಾಕಿ ತೆಗೆಯೋ ಹಾಗಿರಬಾರದು. ಒಂದು ಸಲ ಎಳೆದರೆ ಒಂದೇ ಅಳತೆ ಬೀಳಬೇಕು, ಚಿಟಿಕೆ ಹೆಚ್ಚಿಲ್ಲ, ಚಿಟಿಕೆ ಕಡಿಮೆ ಇಲ್ಲ. ಒಲೆ ಮುಂದೆ ಕೂತಿದಾಳಲ್ಲ, ಅವಳ ಕೈ ಮೇಲೆ ನನಗೆ ನಂಬಿಕೆ ಹೋಗಿದೆ."

ಒಲೆಯ ಮುಂದೆ ಕೂರುತ್ತಿದ್ದವಳ ಹೆಸರು ಸುಬ್ಬಕ್ಕ. ಮಿಕ್ಕವರ ಹೆಸರು ನಿನಗೆ ಬೇಡ. ಅವಳ ಹೆಸರನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಆ ಊರಿನ ಜನ ಮುಂದೆ ಅವಳನ್ನು ಬೇರೆ ಹೆಸರಿನಿಂದ ಕರೆದರು. ಹದಿನೆಂಟು ವರ್ಷದಿಂದ ಆ ಹೋಟೆಲಿಗೆ ಡಿಕಾಕ್ಷನ್ ಇಳಿಸುತ್ತಿದ್ದವಳು ಅವಳು. ಚಮಚ ಮುಟ್ಟುತ್ತಿರಲಿಲ್ಲ, ಅಂಗೈಯಲ್ಲೇ ಅಂದಾಜು ಮಾಡಿ ಪುಡಿ ಹಾಕುತ್ತಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಹೋಟೆಲಿನ ಹಿಂದಿನ ಕೋಣೆಯೇ ಅವಳ ಮನೆ. ಕೆಲಸ ಹೋದರೆ ತಲೆಯ ಮೇಲಿನ ಸೂರೂ ಹೋಗುತ್ತಿತ್ತು.

ತಗಡಿನವನು ಹನ್ನೆರಡು ದಿನ ಬೇರೆ ಕೆಲಸ ಮುಟ್ಟದೆ ಡಬ್ಬಿ ಮಾಡಿದ. ಡಬ್ಬಿಯ ತಳದಲ್ಲಿ ಒಂದು ಪುಟ್ಟ ಗೂಡು. ಗೂಡಿನ ಮೇಲೊಂದು ತಗಡಿನ ಪಟ್ಟಿ, ಕೆಳಗೊಂದು ಪಟ್ಟಿ. ಮೇಲಿನ ಪಟ್ಟಿ ಎಳೆದರೆ ಪುಡಿ ಗೂಡಿಗೆ ಇಳಿಯುತ್ತದೆ. ಅದನ್ನು ಮುಚ್ಚಿ ಕೆಳಗಿನ ಪಟ್ಟಿ ಎಳೆದರೆ ಗೂಡಿನಲ್ಲಿದ್ದಷ್ಟು ಪುಡಿ ಕೆಳಗೆ ಬೀಳುತ್ತದೆ. ಮೂರು ಸಲ ಗೂಡನ್ನು ಬಿಚ್ಚಿ ಮತ್ತೆ ಬೆಸೆದ. ಕೊನೆಗೆ ಒಂದು ಕಿಲೋ ಪುಡಿ ಸುರಿದು ಎಳೆಯುತ್ತಾ ಹೋದರೆ ಎಂಬತ್ತು ಅಳತೆ ಬಿದ್ದು ಡಬ್ಬಿ ಖಾಲಿಯಾಯಿತು. ಇನ್ನೊಮ್ಮೆ ಸುರಿದ, ಇನ್ನೊಮ್ಮೆ ಎಂಬತ್ತು. ಆ ದಿನ ಅವನು ಹೆಂಡತಿ ಬಡಿಸಿದ ಊಟವನ್ನು ಹೊಗಳಿಕೊಂಡು ಉಂಡ.

ಡಬ್ಬಿ ಹೋಟೆಲಿನ ಒಲೆಯ ಪಕ್ಕದ ಗೋಡೆಗೇರಿತು. ಒಂದು ಸಲದ ಡಿಕಾಕ್ಷನ್ನಿಗೆ ಹತ್ತು ಅಳತೆ ಎಂದು ಯಜಮಾನ ಕಟ್ಟು ಮಾಡಿದ. ದಿನಕ್ಕೆ ಒಂದು ಕಿಲೋ ಪುಡಿ, ಎಂಟು ಸಲ ಡಿಕಾಕ್ಷನ್. ಬೆಳಗಿನ ಗದ್ದಲದಲ್ಲಿ ಅವನೇ ಒಲೆಯ ಪಕ್ಕ ನಿಂತು ಪಟ್ಟಿ ಎಳೆಯುತ್ತಿದ್ದ. ಮಧ್ಯಾಹ್ನ ಅವನು ಮನೆಗೆ ಊಟಕ್ಕೆ ಹೋದ ಮೇಲೆ ಸುಬ್ಬಕ್ಕ ಎಳೆಯುತ್ತಿದ್ದಳು.

ಬೆಳಿಗ್ಗೆ ನಾಲ್ಕು ಸಲ ಇಳಿಯುತ್ತಿತ್ತು. ಮಧ್ಯಾಹ್ನದ ಮೇಲೆ ಮೂರು ಸಲ ಇಳಿಯುವಷ್ಟರಲ್ಲಿ ಡಬ್ಬಿ ಖಾಲಿ. ಮೊದಲ ದಿನ ಹಾಗೆ, ಎರಡನೆಯ ದಿನ ಹಾಗೆ, ಹತ್ತನೆಯ ದಿನವೂ ಹಾಗೆ. ಸಾಲದ್ದಕ್ಕೆ ಗಿರಾಕಿಗಳು ಬೇರೆ ಬಾಯಿ ಬಿಟ್ಟರು. ಬೆಳಗಿನ ಕಾಫಿ ಕಾಫಿಯ ಹಾಗಿರುತ್ತದೆ, ಮಧ್ಯಾಹ್ನದ್ದು ತೊಳೆದ ನೀರಿನ ಹಾಗಿರುತ್ತದೆ ಎಂದರು. ಯಜಮಾನನಿಗೆ ಇನ್ನೇನು ಬೇಕು? ತಾನಿದ್ದಾಗ ಗಟ್ಟಿ, ಅವಳಿದ್ದಾಗ ನೀರು. ಹತ್ತು ಅಳತೆ ಪುಡಿ ದಿನವೂ ಸುಬ್ಬಕ್ಕನ ಸೆರಗಿಗೆ ಹೋಗುತ್ತಿದೆ ಎಂದು ಅವನು ತೀರ್ಮಾನಿಸಿದ. ಆದರೂ ಊರಿನೆದುರು ಹಾಗೆನ್ನಲು ರುಜುವಾತು ಬೇಕಲ್ಲ. ತಗಡಿನವನಿಗೆ ಕರೆ ಕಳಿಸಿದ.

ಹೋಟೆಲು ತುಂಬಿತ್ತು. ಗಿರಾಕಿಗಳು ಲೋಟ ಹಿಡಿದುಕೊಂಡೇ ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತರು. ಯಜಮಾನ ಹೊಸ ಕಿಲೋ ಪುಡಿ ಸುರಿದು, "ನಿನ್ನ ಡಬ್ಬಿ ಸರಿ ಇದೆಯೋ ಇಲ್ಲವೋ, ಎಲ್ಲರ ಮುಂದೆ ತೋರಿಸು" ಎಂದ.

ತಗಡಿನವನಿಗೆ ಮೈ ಉರಿಯಿತು. ಎಲ್ಲರ ಮುಂದೆ ತನ್ನ ಕೆಲಸದ ಪರೀಕ್ಷೆ! ಹಲ್ಲು ಕಚ್ಚಿಕೊಂಡು ಪಟ್ಟಿಗೆ ಕೈ ಹಾಕಿದ. ಆದರೆ ಬಾಯಿ ಎಷ್ಟು ಒರಟೋ ಅವನ ಕೈ ಅಷ್ಟು ನಯ. ತಾನು ಮಾಡಿದ ವಸ್ತುವನ್ನು ಒರಟಾಗಿ ಮುಟ್ಟುವುದು ಅವನಿಗೆ ಗೊತ್ತೇ ಇರಲಿಲ್ಲ. ಮೆಲ್ಲಗೆ ಎಳೆದ, ಮೆಲ್ಲಗೆ ಮುಚ್ಚಿದ. ಗಿರಾಕಿಗಳು ಒಟ್ಟಾಗಿ ಎಣಿಸಿದರು. ಎಂಬತ್ತು.

ಆಗ ಸುಬ್ಬಕ್ಕ ಒಂದೇ ಒಂದು ಮಾತಾಡಿದಳು. "ಯಜಮಾನರ ಕೈಲೂ ಒಂದು ಸಲ ಎಳೆಸಿ ನೋಡಣ್ಣ."

"ನನ್ನ ಡಬ್ಬಿ ಕೈ ನೋಡಿ ಕೊಡೋದಿಲ್ಲಮ್ಮ! ಯಾರು ಎಳೆದರೂ ಅಷ್ಟೇ. ಡಬ್ಬಿ ಸರಿ ಇದೆ. ತಪ್ಪು ಎಲ್ಲಿದೆಯೋ ನೀನೇ ಹುಡುಕಿಕೋ" ಎಂದು ತಗಡಿನವನು ಗುಡುಗಿದ.

ಅಷ್ಟು ಸಾಕಾಯಿತು. ಕಳ್ಳಿ ಎಂದು ಮೊದಲು ಅಂದವನು ಯಜಮಾನ. ಆಮೇಲೆ ಬಾಗಿಲಲ್ಲಿ ನಿಂತವರೆಲ್ಲ ಅಂದರು. ಹದಿನೆಂಟು ವರ್ಷ ಅವಳ ಕೈಯ ಕಾಫಿ ಕುಡಿದವರು, ಅವಳ ಕೈಯ ಕಾಫಿ ಕೈಯಲ್ಲಿರುವಾಗಲೇ ಅಂದರು. ಅವಳ ಟ್ರಂಕು ಬೀದಿಗೆ ಬಂತು. ಇದನ್ನು ಹೇಳುವಾಗ ನನಗೇ ಸಿಟ್ಟು ಬರುತ್ತದೆ, ಎಷ್ಟು ಸಲ ಹೇಳಿದರೂ ಬರುತ್ತದೆ.

ಎಂಟು ದಿನ ಕಳೆಯಿತು. ಯಜಮಾನ ಕೆಂಡವಾಗಿ ತಗಡಿನವನ ಅಂಗಡಿಗೆ ನುಗ್ಗಿದ. ಈಗ ಬೆಳಗಿನಿಂದ ಸಂಜೆಯವರೆಗೆ ಒಲೆಯ ಹತ್ತಿರ ಅವನೊಬ್ಬನೇ. ಆದರೂ ಪುಡಿ ಮುಂಚಿಗಿಂತ ಬೇಗ ಮುಗಿಯುತ್ತಿತ್ತು, ಏಳು ಸಲವೂ ಇಳಿಯುತ್ತಿರಲಿಲ್ಲ. "ಕಳ್ಳ ನಿನ್ನ ಡಬ್ಬೀನೇ ಕಣಯ್ಯ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

ತಗಡಿನವನು ಕೈಯಲ್ಲಿದ್ದ ಕತ್ತರಿಯನ್ನು ಎಸೆದು ಎದ್ದ. ಇವತ್ತು ಇವನ ಸೊಕ್ಕು ಇಳಿಸುತ್ತೇನೆ ಎಂದುಕೊಂಡು ಅವನ ಹಿಂದೆಯೇ ಹೋಟೆಲಿಗೆ ಹೋದ. ಅಡುಗೆಕೋಣೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಎಳಿ, ನೋಡೋಣ" ಎಂದ.

ಯಜಮಾನ ಮೇಲಿನ ಪಟ್ಟಿ ಎಳೆದ. ಎಳೆದು, "ಹಾಳಾದ್ದು" ಎಂದು ಡಬ್ಬಿಯ ಪಕ್ಕೆಗೆ ಮುಷ್ಟಿಯಿಂದ ಎರಡು ಸಲ ಗುದ್ದಿದ. ಆಮೇಲೆ ಮುಚ್ಚಿ ಕೆಳಗಿನದನ್ನು ಎಳೆದ. ಮತ್ತೆ ಮೇಲಿನ ಪಟ್ಟಿ, ಮತ್ತೆ ಎರಡು ಗುದ್ದು. ಗುದ್ದಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಸುಬ್ಬಕ್ಕ ಇದ್ದ ಕಾಲದಲ್ಲಿ ಅವಳನ್ನು ಮನಸ್ಸಿನಲ್ಲೇ ಬೈಯುತ್ತಾ ಕಲಿತ ಅಭ್ಯಾಸ ಅದು.

ಗುದ್ದಿದರೆ ಪುಡಿ ಕೂರುತ್ತದೆ. ಕೂತ ಜಾಗಕ್ಕೆ ಮೇಲಿನಿಂದ ಇನ್ನಷ್ಟು ಇಳಿಯುತ್ತದೆ. ಹಿಟ್ಟು ಅಳೆಯುವ ಯಾವ ಹೆಂಗಸಿಗಾದರೂ ಇದು ಗೊತ್ತು. ಬೆಳಗಿನ ಕಾಫಿ ಗಟ್ಟಿಯಾಗಿದ್ದದ್ದೂ ಪುಡಿ ಬೇಗ ಮುಗಿಯುತ್ತಿದ್ದದ್ದೂ ಯಜಮಾನನ ಗುದ್ದಿನಿಂದ. ಮಧ್ಯಾಹ್ನದ್ದು ಸರಿಯಾದ ಅಳತೆಯ ಕಾಫಿ. ಅದನ್ನೇ ಊರು ನೀರು ಅಂದಿತ್ತು.

ತಗಡಿನವನಿಗೆ ಸುಬ್ಬಕ್ಕನ ಮಾತು ನೆನಪಾಯಿತು. ಯಜಮಾನರ ಕೈಲೂ ಒಂದು ಸಲ ಎಳೆಸಿ ನೋಡಣ್ಣ. ಅಷ್ಟು ಹೊತ್ತು ಯಜಮಾನನ ಮೇಲಿದ್ದ ಸಿಟ್ಟೆಲ್ಲ ತನ್ನ ಮೇಲೆಯೇ ತಿರುಗಿತು. ಗೋಡೆಯಿಂದ ಡಬ್ಬಿಯನ್ನು ಕಿತ್ತುಕೊಂಡು ನಡೆದುಬಿಟ್ಟ.

ಸುಬ್ಬಕ್ಕ ಪಕ್ಕದ ಊರಿನ ಒಂದು ಛತ್ರದ ಜಗಲಿಯಲ್ಲಿ ಕೂತು ಯಾರದೋ ಮದುವೆಗೆ ಅಕ್ಕಿ ಆರಿಸುತ್ತಿದ್ದಳು. ಅವನು ಡಬ್ಬಿಯನ್ನು ಅವಳ ಮುಂದಿಟ್ಟು, "ತಪ್ಪಾಯ್ತಮ್ಮ. ನನ್ನ ಡಬ್ಬಿ ಕೆಟ್ಟದ್ದು" ಎಂದ.

ಅವಳು ತಲೆಯೆತ್ತಲಿಲ್ಲ. "ಡಬ್ಬಿ ಸರಿಯಾಗೇ ಇದೆ ಅಣ್ಣ. ನಾನು ಅವತ್ತೂ ಡಬ್ಬಿಗೆ ಏನೂ ಅನ್ನಲಿಲ್ಲ. ನೀನೇ ಹಾಗೆ ಕೇಳಿಸಿಕೊಂಡೆ."

ಅವನು ಹಿಂದಿರುಗಿ ಬಂದು, ಹೋಟೆಲಿನ ನಡುವೆ ನಿಂತು, ಆದದ್ದನ್ನು ಕೂಗಿ ಹೇಳಿದ. ಅವತ್ತು ಮಳೆ ಬೇರೆ. ಕೂತಿದ್ದವರು ಆರೇಳು ಜನ. ಇಬ್ಬರು ಪಾಪ ಅಂದರು. ಒಬ್ಬ ಇನ್ನೊಂದು ದೋಸೆ ಹೇಳಿದ. ಯಜಮಾನ, ಆಗಿದ್ದು ಆಯ್ತು ಬಿಡಯ್ಯ, ಬೇಕಾದರೆ ಅವಳು ಬರಲಿ, ಬೇಡ ಅಂದವರು ಯಾರು ಎಂದ. ಅವಳು ಬರಲಿಲ್ಲ. ಆ ಊರಿನಲ್ಲಿ ಈಗಲೂ ಅವಳ ಮಾತು ಬಂದರೆ ಜನ ಹೆಸರು ಹೇಳುವುದಿಲ್ಲ, ಪುಡಿ ಕದ್ದವಳು ಎನ್ನುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಬೋರಯ್ಯ ಗಂಟನ್ನು ಜಗಲಿಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.

ಶಿಷ್ಯನಿಗೆ ಸಮಾಧಾನವಾಗಿರಲಿಲ್ಲ. "ಅದು ಡಬ್ಬಿಯ ಕತೆ ಗುರುಗಳೇ. ನಮ್ಮದು ಸೇರು. ಅದರಲ್ಲಿ ಪಟ್ಟಿಯೂ ಇಲ್ಲ, ಗೂಡೂ ಇಲ್ಲ. ನಿನ್ನೆ ಅಳೆದದ್ದೂ ಇದೇ ಕೈ, ಇವತ್ತು ಅಳೆದದ್ದೂ ಇದೇ ಕೈ."

ಗುರುಗಳು ಹಿಟ್ಟು ಮೆತ್ತಿದ ಆ ಕೈಯನ್ನೇ ನೋಡುತ್ತಾ ಕೇಳಿದರು.

"ಇವತ್ತು ಸೇರನ್ನು ತುಂಬುವಾಗ ಎಷ್ಟು ಸಲ ನೆಲಕ್ಕೆ ಕುಟ್ಟಿದೆ?"