ಮುಗಿಲ್ಗಿರಿಯ ದೊರೆಗೆ ಉತ್ತರ ಹೇಳಿದ ಪರದೇಶಿ ಮೇಷ್ಟ್ರು

ಡಂಗುರದವನು ಮುಗಿಲ್ಗಿರಿಯ ಹಟ್ಟಿಹಟ್ಟಿಗೂ ಹೋಗಿ ಸಾರಿದ್ದು ಇಷ್ಟು: ದೊರೆ ಬೊಮ್ಮರಸನ ನಂತರ ಈ ಬೆಟ್ಟದ ನಾಡನ್ನು ಆಳುವವಳು ಅವನ ಒಬ್ಬಳೇ ಮಗಳು ಚೆಂಬಲೆ. ಅವಳಿಗೆ ಈ ನಾಡನ್ನು ಬಲ್ಲ ಗುರು ಬೇಕು. ದೊರೆಯ ಮೂರು ಒಗಟು ಬಿಡಿಸಿದವನಿಗೆ ಆ ಗುರುವಿನ ಪೀಠ, ಜೊತೆಗೆ ಬೇಡಿದ ಒಂದು ವರ. ತಪ್ಪಿದವನನ್ನು ಬರುವ ಅಮಾವಾಸ್ಯೆಯಂದು ಹದ್ದಿನಕಲ್ಲಿನ ತುದಿಯಿಂದ ಕೆಳಕ್ಕೆ ನೂಕಲಾಗುವುದು.

ಒಗಟು ಕೇಳುವಾಗ ಒಳಗೆ ಇರುತ್ತಿದ್ದವರು ದೊರೆ, ಮಗಳು ಮತ್ತು ಕಾವಲಿನವರು ಮಾತ್ರ. ತಪ್ಪಿದವನು ಅಲ್ಲಿಂದ ನೇರ ಸೆರೆಮನೆಗೆ ಹೋಗುತ್ತಿದ್ದ. ಹೀಗಾಗಿ ಒಳಗಿನ ಮಾತು ಹೊರಗೆ ಬರುತ್ತಿರಲಿಲ್ಲ.

ಮೊದಲು ಬಂದವನು ಬಯಲುನಾಡಿನ ಪಂಡಿತ. ಪಲ್ಲಕ್ಕಿಯಲ್ಲಿ ಬೆಟ್ಟ ಹತ್ತಿದ್ದ. ದೊರೆ ಕೇಳಿದ: “ನಮ್ಮಲ್ಲಿ ಒಂದು ಗುಡ್ಡೆ ಇದೆ. ಕಟ್ಟಿ ಎಂದು ಯಾರೂ ಅಪ್ಪಣೆ ಕೊಟ್ಟಿಲ್ಲ, ಯಾರೂ ಕೂಲಿ ಪಡೆದಿಲ್ಲ. ಆದರೂ ಬೆಳೆಯುತ್ತಲೇ ಇದೆ. ದಣಿದು ಬಂದವನೇ ಅದನ್ನು ಬೆಳೆಸುವವನು. ಏನದು?” ಪಂಡಿತ ಬಹಳ ಯೋಚಿಸಿ, ಮನುಷ್ಯನ ಪಾಪದ ರಾಶಿ ಎಂದ. ಕಾವಲಿನವರು ಅವನ ರಟ್ಟೆ ಹಿಡಿದರು.

ಆಮೇಲೆ ಬಂದವನು ಒಬ್ಬ ಪಾಳೆಯಗಾರನ ಮಗ. ಕುದುರೆ ಹತ್ತಲಾರದ ದಾರಿಯಲ್ಲಿ ಕಾಲ್ನಡಿಗೆಯಲ್ಲಿ ಬಂದಿದ್ದವನು, ಮೊದಲನೆಯದನ್ನು ಬಿಡಿಸಿಬಿಟ್ಟ. ದೊರೆ ಎರಡನೆಯದನ್ನು ಕೇಳಿದ: “ಮಂಜು ಕವಿದಾಗ ಅದು ದಾರಿ ತೋರಿಸುತ್ತದೆ, ಆದರೆ ಅದರಲ್ಲಿ ಬೆಳಕಿಲ್ಲ. ಅದು ಸುಮ್ಮನಾದ ದಿನ ಹಟ್ಟಿಯವರೆಲ್ಲ ಅಳುತ್ತಾರೆ, ಆದರೆ ಸತ್ತಿರುವುದು ಅದಲ್ಲ.” ಅವನು ಹೊಳೆ ಎಂದ. ಅವನೂ ಒಳಗಾದ.

ಮೂರನೆಯವನು ಮೇಲಿನ ಹಟ್ಟಿಯ ಎಮ್ಮೆ ಕಾಯುವ ಬೆಳ್ಳ. ಬೆಟ್ಟದಲ್ಲೇ ಹುಟ್ಟಿ ಬೆಳೆದವನಿಗೆ ಬಾರದ ಒಗಟು ಯಾವುದಿದ್ದೀತು ಎಂದು ತಾಯಿ ಮಾಸ್ತವ್ವನ ಮಾತು ಮೀರಿ ಬಂದಿದ್ದ. ಎರಡನ್ನು ಥಟ್ಟನೆ ಹೇಳಿದ. ಆಗ ದೊರೆ, “ಒಬ್ಬ ಇಟ್ಟು ಹೋಗುತ್ತಾನೆ, ಯಾರಿಗೆಂದು ಅವನಿಗೆ ತಿಳಿಯದು. ಇನ್ನೊಬ್ಬ ಬಂದು ಮುಗಿಸುತ್ತಾನೆ, ಯಾರದೆಂದು ಅವನಿಗೆ ತಿಳಿಯದು. ಆದರೂ ಅದು ಎಂದೂ ಮುಗಿದಿಲ್ಲ. ಏನದು?” ಎಂದ. ಬೆಳ್ಳ ತಲೆ ಕೆರೆದುಕೊಂಡು, ದೇವರ ಹೆಸರಿನಲ್ಲಿ ಬಿಟ್ಟ ಎಮ್ಮೆ ಎಂದ.

ಮಾಸ್ತವ್ವನ ಮನೆಯಲ್ಲಿ ಅನ್ಸೆಲ್ಮ ಎಂಬ ಪರದೇಶದ ಮೇಷ್ಟ್ರು ಇದ್ದ. ವಯಸ್ಸಿನಲ್ಲಿ ಬೆಳ್ಳನ ಓರಗೆಯವನು. ಬೆಟ್ಟದವರು ಎಲ್ಲಿಂದ ಬಂದರು, ಹಳೆಯ ನಿಲುಗಲ್ಲುಗಳನ್ನು ನೆಟ್ಟವರು ಯಾರು, ಮದುವೆಗೆ ಏನು ಹಾಡುತ್ತಾರೆ ಎಂದು ತಿಳಿಯಲು ಸಮುದ್ರ ದಾಟಿ ಬಂದಿದ್ದ. ಬೆಳಿಗ್ಗೆ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ, ಆಮೇಲೆ ಎಮ್ಮೆಗಳ ಹಿಂದೆ ಹೋಗುತ್ತಿದ್ದ. ಅವನ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಉಸಿರಾಡೋದು ಯಾಕೆ ಅಂತಾನೂ ಕೇಳಿಬಿಡಿ ಮೇಷ್ಟ್ರೇ ಎಂದು ಹಟ್ಟಿಯ ಹೆಂಗಸರು ಕಾಲೆಳೆಯುತ್ತಿದ್ದರು.

ಬೆಳ್ಳ ಸೆರೆಯಾದ ಸುದ್ದಿ ಬಂದಾಗ ಮಾಸ್ತವ್ವ ಕೂತಲ್ಲಿಂದ ಏಳಲಿಲ್ಲ. ತಾನು ಹೋಗಿ ಉತ್ತರ ಹೇಳಿ ಬರುತ್ತೇನೆಂದು ಮೇಷ್ಟ್ರು ಹೊರಟು ನಿಂತ.

“ಬೇಡ ಮೇಷ್ಟ್ರೇ. ನಿಮ್ಮನ್ನೂ ಹೆತ್ತವಳು ಒಬ್ಬಳಿದ್ದಾಳೆ. ಅಳೋಕೆ ನಾನೊಬ್ಬಳು ಸಾಕು.”

“ಇಷ್ಟು ದಿನ ಬೆಳ್ಳನ ಪಕ್ಕದಲ್ಲಿ ಕೂತು ಉಂಡಿದ್ದೇನೆ ಅವ್ವ. ಅವನಿಲ್ಲದ ಪಂಕ್ತಿಯಲ್ಲಿ ನನಗೆ ತುತ್ತು ಇಳಿಯೋದಿಲ್ಲ,” ಎಂದು ಅವನು ಬೆಟ್ಟ ಇಳಿದ.

ಅರಮನೆಯ ಬಾಗಿಲಲ್ಲಿ ಕಾವಲಿನವನು, ಎಮ್ಮೆಗೂ ಕೋಣಕ್ಕೂ ವ್ಯತ್ಯಾಸ ಗೊತ್ತೇನಯ್ಯ ಎಂದು ನಕ್ಕ. ಎರಡರಿಂದಲೂ ಒದೆಸಿಕೊಂಡಿದ್ದೇನೆ ಎಂದು ಮೇಷ್ಟ್ರು ಒಳಗೆ ಹೋದ.

ಮೊದಲ ಒಗಟಿಗೆ ಅವನು ತಡಮಾಡಲಿಲ್ಲ. ಅದು ಕಣಿವೆಯ ನೆತ್ತಿಯ ಕಲ್ಲುಗುಡ್ಡೆ ಎಂದ. ಹತ್ತುವವರೆಲ್ಲ ಬುಡದಿಂದ ಒಂದು ಕಲ್ಲು ಹೊತ್ತು ತಂದು, ದಣಿವು ಇಲ್ಲೇ ಇರಲಿ ಎಂದು ಅಲ್ಲಿ ಇಡುತ್ತಾರೆ. ಪಲ್ಲಕ್ಕಿಯಲ್ಲಿ ಬಂದವನ ಕೈಗೆ ಆ ಕಲ್ಲು ಸೋಕುವುದಿಲ್ಲ. ಎರಡನೆಯದು ಮುಂದಾಳು ಎಮ್ಮೆಯ ಕೊರಳಗಂಟೆ ಎಂದ. ಮಂಜಿನಲ್ಲಿ ಮಂದೆಯೂ ಕಾಯುವವನೂ ಅದರ ಸದ್ದು ಹಿಡಿದೇ ಮನೆ ಸೇರುತ್ತಾರೆ. ಹಟ್ಟಿಯಲ್ಲಿ ಸಾವಾದರೆ ಆ ಗಂಟೆಗೆ ಹುಲ್ಲು ತುರುಕುತ್ತಾರೆ. ಸದ್ದಿಲ್ಲದೆ ಇಳಿದು ಬರುವ ಮಂದೆಯನ್ನು ಕಂಡು ಜನ ಅಳಲು ಶುರುಮಾಡುತ್ತಾರೆ.

ಮೂರನೆಯದಕ್ಕೆ ಅವನು ಕೇಳಿ ಬರೆದುಕೊಂಡ ಪದ್ಧತಿಗಳಲ್ಲಿ ಯಾವುದೂ ಹೊಂದಲಿಲ್ಲ. ಕಾವಲಿನವನು ಹತ್ತಿರ ಬಂದು ನಿಂತ. ಭುಜದ ಮೇಲೆ ಅವನ ಕೈ ತಣ್ಣಗೆ ತಾಗಿದಾಗ ಮೇಷ್ಟ್ರಿಗೆ ಒಂದು ಚಳಿ ನೆನಪಾಯಿತು.

“ದೊರೆ, ನಾನೊಮ್ಮೆ ಆಲಿಕಲ್ಲು ಮಳೆಗೆ ಸಿಕ್ಕಿ ದಾರಿ ತಪ್ಪಿದೆ. ಮೇಲಿನ ಹುಲ್ಲುಗಾವಲಿನಲ್ಲಿ ಒಂದು ಖಾಲಿ ಗುಡಿಸಲು ಸಿಕ್ಕಿತು. ಒಳಗೆ ಒಣಸೌದೆ ಒಟ್ಟಿತ್ತು. ಅದನ್ನೆಲ್ಲ ಸುಟ್ಟು ಬದುಕಿಕೊಂಡೆ. ಕೈಮುಗಿಯೋಣವೆಂದರೆ ಯಾರಿಗೆ? ಮಾಸ್ತವ್ವನನ್ನು ಕೇಳಿದರೆ ಅವರು ನಕ್ಕು, ಬಿಸಿಲು ಬಂದಾಗ ನೀವೂ ಒಂದು ಹೊರೆ ಇಟ್ಟು ಬನ್ನಿ ಎಂದರು. ಇಟ್ಟು ಬಂದೆ. ನಿಮ್ಮ ಒಗಟು ಆ ಗುಡಿಸಲಿನ ಸೌದೆ.”

ದೊರೆ ಮಗಳ ಕಡೆ ತಿರುಗಿದ. ಚೆಂಬಲೆಯೇ, “ಸರಿ,” ಎಂದಳು.

ಮೇಷ್ಟ್ರು ಸೆರೆಯಲ್ಲಿರುವ ಮೂವರ ಜೀವ ಬೇಡಿದ. ವರ ಒಂದೇ ಎಂದು ದೊರೆ ನೆನಪಿಸಿದ.

“ಒಂದೇ, ದೊರೆ. ಅದರಲ್ಲಿ ಎಷ್ಟು ಜನ ಹಿಡಿಯುತ್ತಾರೋ ಅಷ್ಟು ಜನ.”

ಮೂವರನ್ನೂ ಕರೆತಂದರು. ಉತ್ತರ ಕೇಳಿ ಬೆಳ್ಳ ಹಣೆ ಚಚ್ಚಿಕೊಂಡ.

“ವರ್ಷವೂ ಆ ಸೌದೆ ಒಟ್ಟೋನು ನಾನೇ ಬುದ್ಧಿ. ದೊರೆಗಳ ಒಗಟಿನಲ್ಲಿ ನಮ್ಮ ಸೌದೆ ಇರುತ್ತೆ ಅಂತ ಯಾರು ಅಂದ್ಕೊಳ್ತಾರೆ?”

ದೊರೆ ಮೇಷ್ಟ್ರಿಗೆ ಗುರುವಿನ ಪೀಠವನ್ನೂ ಅರಮನೆಯ ಪಕ್ಕದಲ್ಲಿ ಮನೆಯನ್ನೂ ಕೊಟ್ಟ. ಅವನು ಪೀಠಕ್ಕೆ ಒಪ್ಪಿ ಮನೆ ಬೇಡವೆಂದ. ತನಗೆ ತಿಳಿದಿದ್ದೆಲ್ಲ ಹಟ್ಟಿಯವರು ಹೇಳಿಕೊಟ್ಟದ್ದು, ರಾಜಕುಮಾರಿಯೂ ಅಲ್ಲಿಗೇ ಬಂದು ಕಲಿಯಲಿ ಎಂದ. ಚೆಂಬಲೆ ನಡೆದೇ ಬಂದಳು. ಮಾಸ್ತವ್ವ ಅವಳನ್ನು ಮಗನ ಪಕ್ಕದಲ್ಲಿ ಕೂರಿಸಿ ತಟ್ಟೆಗೆ ಬಿಸಿ ಮುದ್ದೆ ಹಾಕಿದಳು.

“ನಿಮ್ಮಪ್ಪನಿಗೆ ಹೇಳು ಮಗಳೇ,” ಎಂದಳು. “ಒಗಟಿಗೆ ಜನರ ತಲೆ ಯಾಕೆ ಪಣ ಇಡಬೇಕು? ಒಂದು ಮುದ್ದೆ ಇಟ್ಟು ಕೂಗಿದ್ದರೂ ಹೇಳೋರು ಬರ್ತಿದ್ರು.”

ಚೆಂಬಲೆ ಆ ಮಾತನ್ನು ಒಂದಕ್ಷರ ಬಿಡದೆ ಅಪ್ಪನಿಗೆ ಮುಟ್ಟಿಸಿದಳು. ಆಮೇಲೆ ಮುಗಿಲ್ಗಿರಿಯಲ್ಲಿ ಯಾರನ್ನೂ ಹದ್ದಿನಕಲ್ಲಿಗೆ ಕರೆದೊಯ್ಯಲಿಲ್ಲ.